ಎರಡು ಖೋಲಿಗಳ ಕರಾರು

ನಮ್ಮ ಆಸ್ಪತ್ರೆ ನೀಲಪ್ರಭಾ ಆಸ್ಪತ್ರೆಯನ್ನು ಕೊಳ್ಳುವುದು ನಿಶ್ಚಯವಾದ ದಿನದಿಂದ ನಾನು ಬರೆಯುವ ಯಾವ ಕಾಗದದಲ್ಲೂ 'ಪ್ರತಿಸ್ಪರ್ಧಿ' ಎಂಬ ಪದ ಬರಬಾರದೆಂದು ವಕೀಲರು ಹೇಳಿದ್ದರು. 'ಪೂರಕ ಸಂಸ್ಥೆ' ಎಂದು ಬರೆಯಬೇಕಂತೆ. ನಾನು ಹಾಗೆಯೇ ಬರೆದೆ. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅದೇನೂ ಸುಳ್ಳಾಗುವುದಿಲ್ಲ, ಬೆಳಕು ಬೀಳುವ ಕಡೆ ಸ್ವಲ್ಪ ಬದಲಾಗುತ್ತದೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡೂ ಆಸ್ಪತ್ರೆಗಳಿರುವುದು ಒಂದೇ ರಸ್ತೆಯ ಎರಡು ತುದಿಗಳಲ್ಲಿ. ನಾಗಪುರದ ಈ ಪಶ್ಚಿಮ ಭಾಗದಲ್ಲಿ ಹೃದಯದ ದೊಡ್ಡ ಆಪರೇಷನ್ ಎಂದರೆ ನಾವು, ಇಲ್ಲದಿದ್ದರೆ ಅವರು. ಇಂಥ ಎರಡು ಒಂದಾಗಬೇಕಾದರೆ ದಿಲ್ಲಿಯ ಸ್ಪರ್ಧಾ ಆಯೋಗ ಒಪ್ಪಬೇಕು. ಒಂದಾದ ಮೇಲೆ ಜನರಿಗೆ ಆಯ್ಕೆ ಉಳಿಯುತ್ತದೆಯೇ, ದರ ಏರುತ್ತದೆಯೇ ಎಂದು ಆಯೋಗದವರು ನೋಡುತ್ತಾರೆ. ಅದಕ್ಕಾಗಿ ಆಸ್ಪತ್ರೆಗಳನ್ನಷ್ಟೇ ಅಲ್ಲ, ಆಸ್ಪತ್ರೆಗಳ ದೊಡ್ಡ ಗಿರಾಕಿಗಳನ್ನೂ ಮಾತಾಡಿಸುತ್ತಾರೆ.

ಅಂಥ ಗಿರಾಕಿಗಳಲ್ಲಿ ಒಬ್ಬರು ವಾದಿರಾಜಣ್ಣ. ಬಾಗಲಕೋಟೆ ಕಡೆಯವರು. ಹಿಂಗಣಾ ರಸ್ತೆಯ ಕಾರ್ಖಾನೆಯೊಂದರಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದ ಮೇಲೆ, ಆ ಭಾಗದ ನಿವೃತ್ತ ಕಾರ್ಮಿಕರನ್ನೆಲ್ಲ ಸೇರಿಸಿ ಆರೋಗ್ಯ ಸಹಕಾರ ಸಂಘ ಕಟ್ಟಿದವರು. ಸದಸ್ಯರು ಆಸ್ಪತ್ರೆ ಸೇರಿದರೆ ಖರ್ಚಿನ ಒಂದು ಪಾಲನ್ನು ಸಂಘ ಕೊಡುತ್ತದೆ. ಯಾವ ಚಿಕಿತ್ಸೆಗೆ ಎಷ್ಟು ದರ ಎಂಬುದನ್ನು ಸಂಘವೇ ವರ್ಷಕ್ಕೊಮ್ಮೆ ಆಸ್ಪತ್ರೆಗಳೊಂದಿಗೆ ಗೊತ್ತುಮಾಡಿಕೊಳ್ಳುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಇಂಥ ಕರಾರುಗಳ ವಿಭಾಗ ನನ್ನದು.

ಕರಾರು ಮಾಡುವುದಕ್ಕೆ ವಾದಿರಾಜಣ್ಣನದೇ ಒಂದು ಪದ್ಧತಿಯಿತ್ತು. ಪ್ರತಿ ಫೆಬ್ರವರಿಯಲ್ಲಿ ಅವರು ನನ್ನನ್ನೂ ನೀಲಪ್ರಭಾದ ಉಮಾಕಾಂತರನ್ನೂ ಒಂದೇ ಬೆಳಿಗ್ಗೆ ಕರೆಸುತ್ತಿದ್ದರು. ಸಂಘದ ಕಚೇರಿಗೆ ಇರುವುದೇ ಎರಡು ಖೋಲಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಉಮಾಕಾಂತರು, ನಡುವೆ ತೆಳ್ಳನೆಯ ಪ್ಲೈವುಡ್ ಗೋಡೆ. ಇಬ್ಬರ ಮುಂದೂ ಅವಲಕ್ಕಿಯ ಮೇಲೆ ಖಾರದ ಕೆಂಪು ರಸ ಸುರಿದ ತರ್ರಿ ಪೋಹೆಯ ತಟ್ಟೆ. ವಾದಿರಾಜಣ್ಣ ಆ ಖೋಲಿಯಿಂದ ಈ ಖೋಲಿಗೆ ಓಡಾಡುತ್ತಿದ್ದರು.

"ತಂಗಿ, ಬಾಜೂದವ್ರು ಸ್ವಲ್ಪ ಇಳದಾರ. ನೀ ಪೋಹೆ ಮುಗಸೂದ್ರೊಳಗ ವಿಚಾರ ಮಾಡು. ಅವಸರಿಲ್ಲ, ಆದ್ರ ಪೋಹೆ ಆರ್ತದ."

ನಾನು ಇಳಿಸುತ್ತಿದ್ದೆ. ಅವರು ಆಚೆ ಹೋಗಿ ಅದನ್ನೇ ಉಮಾಕಾಂತರಿಗೆ ಹೇಳುತ್ತಿದ್ದರು. ನಾನು ಹೇಳಿದ ದರವನ್ನು ಒಂದು ರೂಪಾಯಿಯೂ ಹೆಚ್ಚು ಕಡಿಮೆ ಮಾಡದೆ ಹೇಳುತ್ತಿದ್ದರು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಗೋಡೆ ತೆಳ್ಳಗಿತ್ತಲ್ಲ. ಎಲ್ಲ ಮುಗಿದ ಮೇಲೆ ಮೂವರೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. "ನಿಮ್ಮ ಚಮಚದ ಸಪ್ಪಳ ನಿಂತಾಗಲೇ ತಿಳೀತದ ಮೇಡಂ, ಈಗ ಇಳಿಸ್ತೀರಿ ಅಂತ," ಎಂದು ಉಮಾಕಾಂತರು ನನ್ನನ್ನು ರೇಗಿಸುತ್ತಿದ್ದರು.

ಆಯೋಗದವರು ತಮ್ಮನ್ನು ವಿಡಿಯೊ ಕರೆಯಲ್ಲಿ ಮಾತಾಡಿಸಲಿದ್ದಾರೆ ಎಂದು ವಾದಿರಾಜಣ್ಣ ನನಗೆ ಹೇಳಿದ್ದು ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ. ಅವರು ಹೇಳಿದ್ದು ಗೆಳತಿಗೆ. ಮರುದಿನ ನಾನು ಅದನ್ನು ನನ್ನ ಮೇಲಧಿಕಾರಿ ಸಂಕೇತ್‌ಗೆ ಹೇಳಿದೆ. ಯಾಕೆ ಹೇಳಿದೆ ಎಂದು ಕೇಳಿದರೆ ಮಾತಿಗೆ ಮಾತು ಬಂತು ಎನ್ನಬಹುದು. ಆದರೆ ಮಾತು ತಾನಾಗಿ ಬರಲಿಲ್ಲ, ನಾನೇ ತಂದೆ.

ಸಂಜೆ ಲಿಫ್ಟಿನ ಮುಂದೆ ಸಿಕ್ಕಾಗ ಸಂಕೇತ್ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು.

"ಆ ವಾದಿರಾಜ್ ನಿಮ್ಮ ಮಾತು ಕೇಳ್ತಾರೆ, ಅಲ್ಲವಾ ಗ್ರೀಷ್ಮಾ?"

"ಅವರು ಯಾರ ಮಾತೂ ಕೇಳೋಲ್ಲ," ಎಂದು ನಕ್ಕೆ.

"ಸುಳ್ಳು ಹೇಳಿಸಿ ಅಂತಿಲ್ಲ. ಚೆನ್ನಾಗಿ ಮಾತಾಡಲಿ, ಅಷ್ಟೇ. ವಯಸ್ಸಾದವರು, ಏನೇನೋ ಕಥೆ ಶುರು ಮಾಡ್ತಾರೆ." ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಕಾಲಿಟ್ಟ ಮೇಲೆ ಅವರು ಇನ್ನೊಂದು ಮಾತು ಹೇಳಿದರು. "ಒಂದಾದ ಮೇಲೆ ಕರಾರು ವಿಭಾಗ ಎರಡಿರೋಲ್ಲ, ಗೊತ್ತಲ್ಲ. ನೀವೋ ಉಮಾಕಾಂತೋ ಇನ್ನೂ ನಿಶ್ಚಯ ಆಗಿಲ್ಲ."

ಬಾಗಿಲು ಮುಚ್ಚಿತು. ನಾನು ಮೆಟ್ಟಿಲಿಳಿದು ಹೋದೆ.

ಭಾನುವಾರ ವಾದಿರಾಜಣ್ಣನ ಮನೆಗೆ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಬಾ ತಂಗಿ, ಬರೋಬರ್ ಟೈಮಿಗೆ ಬಂದಿ. ನನ್ನ ಹಿಂದಿ ಫ್ಯಾಕ್ಟರಿ ಹಿಂದಿ. ಅದರಾಗ ಅರ್ಧ ಬೈಗಳಾನ ಅವ. ದಿಲ್ಲಿ ಆಫೀಸರ್ ಮುಂದ ನಡೀತದೇನು? ನೀ ಸ್ವಲ್ಪ ತಯಾರಿ ಮಾಡಸು."

ಇದೇನು ಹೊಸದಲ್ಲ. ಬ್ಯಾಂಕಿಗೆ ಹೋಗುವ ಮುನ್ನ, ಮೊಮ್ಮಕ್ಕಳ ಶಾಲೆಯವರೊಡನೆ ಮಾತಾಡುವ ಮುನ್ನ, ನಮ್ಮ ಕನ್ನಡದ ಹಿರಿಯರು ನನ್ನ ಬಳಿ ಬಂದು ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಕೇಳಿಕೊಂಡು ಹೋಗುತ್ತಾರೆ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂಬುದು ಆ ಹೊತ್ತಿಗೆ ವಾದಿರಾಜಣ್ಣನ ತಲೆಗೆ ಬರಲೇ ಇಲ್ಲ. ನಾನಾದರೂ ನೆನಪಿಸಬೇಕಿತ್ತು. ನೆನಪಿಸಲಿಲ್ಲ, ಅವರ ಎದುರು ಕೂತು ಒಂದು ವಾಕ್ಯ ಹೇಳಿಕೊಟ್ಟೆ: ನಾಗಪುರದಲ್ಲಿ ಬಹಳ ಆಸ್ಪತ್ರೆಗಳಿವೆ, ನಮ್ಮ ಸದಸ್ಯರು ತಮಗೆ ಅನುಕೂಲವಾದ ಕಡೆ ಹೋಗುತ್ತಾರೆ.

ಅದರಲ್ಲಿ ಸುಳ್ಳಿಲ್ಲ. ಜ್ವರಕ್ಕೆ, ಹೆರಿಗೆಗೆ, ಕಣ್ಣಿನ ಪೊರೆಗೆ ಅವರು ಊರಿನ ಆಚೆ ಬದಿಯ ಮಹಾಲ್‌ಗೂ ಹೋಗುತ್ತಾರೆ, ಇತವಾರಿಗೂ ಹೋಗುತ್ತಾರೆ. ಎದೆಯ ಆಪರೇಷನ್‌ಗೆ ಎಲ್ಲಿ ಹೋಗುತ್ತಾರೆ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಹೇಳದಂತೆಯೇ ನಾನು ಅದನ್ನು ಕಟ್ಟಿದ್ದೆ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಣ್ಣ. ಎರಡು ಖೋಲಿ, ಪೋಹೆ, ಅದೆಲ್ಲ ಬೇಡ."

"ಯಾಕ? ಅದs ಛಲೋ ಇರ್ತದಲ್ಲ!"

"ಗಂಭೀರ ಅನಿಸೋಲ್ಲ. ದೊಡ್ಡ ಆಫೀಸಿನವರು, ನಗ್ತಾರೆ."

ಅವರ ಮುಖ ಸ್ವಲ್ಪ ಬಾಡಿತು. ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಸಿಕ್ಕ ಸಿಕ್ಕಲ್ಲಿ ಅವರು ಹೇಳಿ ನಗಿಸುವ ಕಥೆ ಅದು. "ಹಂಗಾರ ಬಿಡ್ತೀನಿ. ನೀ ಹೇಳಿದ್ರ ಮುಗೀತು." ಮರುಕ್ಷಣವೇ ಮತ್ತೆ ಹುರುಪಾದರು. "ಆದ್ರ ಒಂದು ಮಾತು. ಬರೂ ವರ್ಷ ಆ ಎರಡನೇ ಖೋಲಿಯೊಳಗ ಯಾರನ್ನ ಕೂಡಸ್ಲಿ?"

"ಎರಡರಲ್ಲೂ ನಾನೇ ಕೂರ್ತೀನಿ ಬಿಡಿ."

ಅವರು ತೊಡೆ ತಟ್ಟಿಕೊಂಡು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ವತ್ಸಲಾ ನಗಲಿಲ್ಲ. "ಒಬ್ಬಾಕಿನs ಎರಡೂ ತಾಟು ತಿಂದ್ರ ಹೊಟ್ಟಿ ನೋಯ್ತದವಾ," ಎಂದು ಒಳಗೆ ಹೋದರು.

ಕರೆಯ ದಿನ ನಾನೂ ಜೊತೆಗಿರಬೇಕೆಂದು ಹಟ ಹಿಡಿದವರು ವಾದಿರಾಜಣ್ಣನೇ. ಬೇಡ ಎನ್ನಲು ನನಗೆ ಮಾತಿತ್ತು. ನಾನು ಒಂದು ಆಸ್ಪತ್ರೆಯ ಕಡೆಯವಳು, ನಾನಿರುವುದು ಸರಿಯಲ್ಲ ಎಂದಿದ್ದರೆ ಸಾಕಿತ್ತು. ಆಫೀಸಿಗೆ ಅರ್ಧ ದಿನದ ರಜೆ ಹಾಕಿದೆ.

ನಾನು ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತಾಗಿತ್ತು. ಕೂಲರ್ ಆರಿಸಿದ್ದರು. ಏಪ್ರಿಲ್‌ನಲ್ಲಿ ಹೊತ್ತೇರಿದ ಮೇಲೆ ಈ ಊರಿನಲ್ಲಿ ಯಾರೂ ಮಾಡದ ಕೆಲಸ.

"ಅದು ಗರ್ರ್ ಅಂತಂದ್ರ ಆ ದಿಲ್ಲಿ ಆಫೀಸರ್ ಹುಡುಗಿಗೆ ನನ್ನ ಮಾತು ಹ್ಯಾಂಗ ಕೇಳಬೇಕು? ಬೆವರಿದ್ರ ಬೆವರ್ಲಿ. ನೀ ಅಲ್ಲಿ ದಿವಾನದ ಮ್ಯಾಲೆ ಕೂಡು, ನನ್ನ ಎದುರಿಗೆ. ಎಲ್ಲೆರೆ ತಪ್ಪಿದ್ರ ಕೈಸನ್ನಿ ಮಾಡು."

ದಿವಾನ ಕ್ಯಾಮೆರಾದ ಹಿಂದಿತ್ತು. ನನಗೆ ಅವರ ಮುಖ ಕಾಣುತ್ತಿತ್ತು. ದಿಲ್ಲಿಯವರಿಗೆ ನಾನು ಕಾಣುತ್ತಿರಲಿಲ್ಲ.

ರಚನಾ ಎಂದು ಹೆಸರು ಹೇಳಿಕೊಂಡ ಅಧಿಕಾರಿಯ ದನಿ ಎಳೆಯದು, ಹಿಂದಿ ಸರಳ, ಅವಸರವಿಲ್ಲ. ಮಾತನ್ನು ದಾಖಲಿಸಿಕೊಳ್ಳುವುದಾಗಿ ತಿಳಿಸಿ, ಸಂಘ ಏನು ಮಾಡುತ್ತದೆ, ಸದಸ್ಯರು ಯಾರು ಎಂದೆಲ್ಲ ಕೇಳಿದರು. ವಾದಿರಾಜಣ್ಣ ಮೊದಮೊದಲು ಬಿಗಿಯಾಗಿದ್ದರು. ಸದಸ್ಯರು ಯಾವ ಯಾವ ಆಸ್ಪತ್ರೆಗೆ ಹೋಗುತ್ತಾರೆ ಎಂದಾಗ ನಾನು ಹೇಳಿಕೊಟ್ಟ ವಾಕ್ಯವನ್ನು ಶಾಲೆಯ ಹುಡುಗನಂತೆ ಒಪ್ಪಿಸಿದರು. ಒಪ್ಪಿಸಿ, ಬರೋಬರ್ ಆಯಿತೇ ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದರು. ನಾನು ತಲೆಯಾಡಿಸಿದೆ.

"ದರ ಹೇಗೆ ನಿಶ್ಚಯ ಮಾಡ್ತೀರಿ, ವಾದಿರಾಜ್‌ಜೀ?"

ಅವರ ಮುಖ ಅರಳಿತು. "ಅರೇ ಮೇಡಂ, ಅದು ಭಾರೀ ಮಜಾ! ನಮ್ಮ ಆಫೀಸಿನಲ್ಲಿ ಎರಡು ಕಮರಾ..."

ನನ್ನ ಕೈ ಮೇಲೆದ್ದಿತು. ಎತ್ತಬೇಕೆಂದು ನಾನು ಯೋಚಿಸಲಿಲ್ಲ. ಹಸ್ತ ಅಗಲಿಸಿ, ರಸ್ತೆಯಲ್ಲಿ ಗಾಡಿ ನಿಲ್ಲಿಸುವವರ ಹಾಗೆ ಎತ್ತಿದ್ದೆ.

ಅವರು ಮಾತಿನ ನಡುವೆ ನಿಂತರು. ನನ್ನ ಕೈಯನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಅಲ್ಲಿ ಏನು ಕಂಡಿತೋ, ಅವರ ಮುಖದ ನಗು ಇಳಿಯತೊಡಗಿತು. ಯುಗಾದಿ ಊಟ, ಭಾನುವಾರದ ತಯಾರಿ, ಗಂಭೀರ ಅನಿಸೋಲ್ಲ ಎಂಬ ನನ್ನ ಮಾತು, ಎಲ್ಲವನ್ನೂ ಅವರು ಒಂದೊಂದಾಗಿ ಕೂಡಿಸುತ್ತಿರುವುದು ನನಗೆ ಕಾಣುತ್ತಿತ್ತು. ಕೈ ಇಳಿಸಬೇಕೆಂಬುದೂ ನನಗೆ ತೋಚಲಿಲ್ಲ.

"ವಾದಿರಾಜ್‌ಜೀ, ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ?"

ಬೆವರು ಅವರ ಕಿವಿಯ ಮುಂದೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಮೇರಿ ಘರ್‌ವಾಲಿ ಹೈ, ಮೇಡಂ," ಎಂದರು. ನನ್ನ ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಎಂದಿಗಿಂತ ತಗ್ಗಿದ ದನಿಯಲ್ಲಿ, "ನೀ ಒಳಗ ಹೋಗು," ಎಂದರು. ತಂಗಿ ಎನ್ನಲಿಲ್ಲ.

ಅಡುಗೆಮನೆಯಲ್ಲಿ ವತ್ಸಲಾ ಪಾನಕಕ್ಕೆಂದು ಬೇಯಿಸಿದ ಮಾವಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದರು. ನನ್ನನ್ನು ನೋಡಿದರು.

"ಕಳಿಸಿದ್ರೇನು?"

"ಹೂಂ."

"ಇವ್ರು ಯಾರನ್ನೂ ಎಬ್ಬಿಸಿ ಕಳಸೂ ಮನಷ್ಯಾ ಅಲ್ಲ," ಎಂದರು. ಮತ್ತೆ ಸಿಪ್ಪೆ ಸುಲಿಯತೊಡಗಿದರು.

ಹೊರಗಿನ ಮಾತೆಲ್ಲ ಕೇಳುತ್ತಿತ್ತು. ಕೂಲರ್ ಇಲ್ಲದ ಮನೆ ಅಷ್ಟು ನಿಶ್ಶಬ್ದವಾಗಿತ್ತು. ವಾದಿರಾಜಣ್ಣ ಈಗ ನಗಿಸದೆ ಕಥೆ ಹೇಳುತ್ತಿದ್ದರು. ಎರಡು ಖೋಲಿ, ಎರಡು ಆಸ್ಪತ್ರೆ, ಒಬ್ಬರ ದರ ಇನ್ನೊಬ್ಬರಿಗೆ. ಆಮೇಲೆ ಯಲ್ಲಪ್ಪನ ಮಾತು ತೆಗೆದರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ, ಸಂಘದ ಸದಸ್ಯ ಯಲ್ಲಪ್ಪನ ಹೆಂಡತಿ ಗೌರಮ್ಮನ ಹೃದಯದ ಕವಾಟ ಕೆಟ್ಟಿತ್ತು. ಕರಾರಿನಲ್ಲಿ ಸೇರದ ಆಪರೇಷನ್. ನಮ್ಮ ಆಸ್ಪತ್ರೆ ಹೇಳಿದ ಅಂದಾಜನ್ನು ಹಿಡಿದು ವಾದಿರಾಜಣ್ಣ ಯಲ್ಲಪ್ಪನನ್ನು ಆಟೊದಲ್ಲಿ ಕೂರಿಸಿಕೊಂಡು ನೀಲಪ್ರಭಾಕ್ಕೆ ಹೋದರು. ಅವರು ಇಳಿಸಿದ್ದನ್ನು ಹಿಡಿದು ಮತ್ತೆ ನಮ್ಮಲ್ಲಿಗೆ ಬಂದರು. ಯಲ್ಲಪ್ಪನ ಕೈಗೆ ಎಟಕುವವರೆಗೂ ಹಾಗೆ ತಿರುಗಿದರು. ವಾದಿರಾಜಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಕೊನೆಯ ದರಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಎದುರಿನವರು ಇಳಿಸದಿದ್ದರೆ ಕೊಡುತ್ತಿರಲಿಲ್ಲ.

"ಎರಡೂ ಒಂದೇ ಆದರೆ ಏನಾಗುತ್ತದೆ ಅನಿಸುತ್ತದೆ ನಿಮಗೆ?"

"ಒಂದೇ ಆದ್ರೆ ನನ್ನ ಆಟೊ ಎಲ್ಲಿಗೆ ಹೋಗಬೇಕು ಮೇಡಂ? ನೀವೇ ಹೇಳಿ."

ಕೀಲಿಮಣೆಯ ಸಪ್ಪಳ ಕೇಳಿತು. ನನ್ನ ಮೈ ಹಗುರಾಯಿತು. ನಾನು ಕೆಡಿಸಲು ಬಂದದ್ದು ಕೆಡಲಿಲ್ಲ, ನನ್ನ ಹೆಸರೂ ಬರಲಿಲ್ಲ ಎನಿಸಿತು. ಅಂಥ ಹಗುರ ನನಗೆ ಸಲ್ಲತಕ್ಕದ್ದಲ್ಲ ಎಂದೂ ಆಗಲೇ ಅನಿಸಿತು.

"ಕೊನೆಯ ಪ್ರಶ್ನೆ. ಇದನ್ನು ಎಲ್ಲರನ್ನೂ ಕೇಳುತ್ತೇವೆ. ಈ ಮಾತುಕತೆಯ ಬಗ್ಗೆ ಎರಡು ಆಸ್ಪತ್ರೆಗಳ ಕಡೆಯಿಂದ ಯಾರಾದರೂ ಮೊದಲೇ ನಿಮ್ಮೊಡನೆ ಮಾತಾಡಿದ್ದರೇ?"

ಹೊರಗೆ ವಾದಿರಾಜಣ್ಣನ ಕುರ್ಚಿ ಕಿರ್ರೆಂದಿತು.

ವತ್ಸಲಾ ಕೈಯಲ್ಲಿದ್ದ ಮಾವಿನಕಾಯಿಯನ್ನು ಪಾತ್ರೆಯಲ್ಲಿಟ್ಟರು. ನನ್ನ ಕಾಲು ಎತ್ತ ಹೊರಟಿದೆ ಎಂದು ಅವರಿಗೆ ತಿಳಿಯಿತು. "ಹೋಗಬ್ಯಾಡ. ಇವ್ರು ಏನರೆ ಹೇಳ್ತಾರ."

ಏನಾದರೂ ಹೇಳುತ್ತಾರೆ, ನಿಜ. ಅವರು ಹೇಳಬಹುದಾದ್ದು ಒಂದೇ ಇತ್ತು. ಚೌಕಾಸಿಯಲ್ಲೂ ದರದಲ್ಲಿ ಒಂದು ರೂಪಾಯಿ ಸುಳ್ಳಾಡದ ಬಾಯಿ ಈಗ ನನ್ನ ಸಲುವಾಗಿ ಇಲ್ಲ ಎನ್ನಬೇಕಿತ್ತು.

ನಾನು ಹೊರಗೆ ಬಂದು ಅವರ ಕುರ್ಚಿಯ ಪಕ್ಕದಲ್ಲಿ ನಿಂತೆ. ಪರದೆಯ ಮೂಲೆಯಲ್ಲಿ ನನ್ನ ಸೀರೆಯಷ್ಟೇ ಕಂಡಿತು. ಬಗ್ಗಿದೆ.

"ಮಾತಾಡಿದ್ದೇನೆ. ನಾನು." ಹೆಸರು ಹೇಳಿದೆ, ಹುದ್ದೆ ಹೇಳಿದೆ, ಆಸ್ಪತ್ರೆ ಹೇಳಿದೆ. "ಖೋಲಿಗಳ ಮಾತು ಎತ್ತಬೇಡಿ ಎಂದು ಹೇಳಿಕೊಟ್ಟವಳು ನಾನು. ಬಹಳ ಆಸ್ಪತ್ರೆಗಳಿವೆ ಎಂದದ್ದು ನನ್ನ ವಾಕ್ಯ. ಆಮೇಲೆ ಅವರು ಹೇಳಿದ್ದು ಅವರದು, ಅದೆಲ್ಲ ನಿಜ. ಆ ಖೋಲಿಗಳಲ್ಲಿ ಒಂದರಲ್ಲಿ ಕೂರುತ್ತಿದ್ದವಳು ನಾನೇ."

"ನಿಮಗೆ ಹೀಗೆ ಮಾಡಲು ಯಾರಾದರೂ ಹೇಳಿದ್ದರೇ?"

"ಬರವಣಿಗೆಯಲ್ಲಿ ಯಾರೂ..." ಎಂದು ಶುರುಮಾಡಿದೆ. ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿದಿತ್ತು. ನಿಲ್ಲಿಸಿ, ಸಂಕೇತ್ ಹೆಸರು ಹೇಳಿದೆ. ಲಿಫ್ಟಿನ ಮುಂದಿನ ಮಾತನ್ನು ಅವರು ಆಡಿದಂತೆಯೇ ಹೇಳಿದೆ. ಸಂಕೇತ್ ಕೇಳುವ ಮೊದಲೇ ಈ ಕರೆಯ ಸುದ್ದಿಯನ್ನು ಅವರಿಗೆ ಮುಟ್ಟಿಸಿದವಳು ನಾನೆಂಬುದನ್ನೂ ಸೇರಿಸಿದೆ.

ಅಧಿಕಾರಿ ಟೈಪ್ ಮಾಡಿ ಮುಗಿಸಿದರು. ಆಮೇಲೆ ಕಣ್ಣು ಬೇರೆ ಕಡೆ ಹೊರಳಿತು.

"ವಾದಿರಾಜ್‌ಜೀ, ಇವರು ನಿಮ್ಮ ಹೆಂಡತಿ ಎಂದಿರಿ."

ಇದನ್ನು ನಾನು ಯೋಚಿಸಿರಲಿಲ್ಲ. ಅಡುಗೆಮನೆಯಿಂದ ಹೊರಡುವಾಗ ಅವರ ಬಾಯಿಂದ ಬರಲಿದ್ದ ಸುಳ್ಳನ್ನು ತಪ್ಪಿಸುವುದಷ್ಟೇ ತಲೆಯಲ್ಲಿತ್ತು. ಆಗಲೇ ಹೇಳಿಬಿಟ್ಟದ್ದನ್ನು ನಾನು ಬಯಲಿಗೆ ತಂದಿದ್ದೆ.

ಎಂಥ ಸಭೆಯಲ್ಲೂ ಮಾತಿಗೆ ತಡವರಿಸದ ಮನುಷ್ಯ ಮೊಣಕಾಲನ್ನು ತಿಕ್ಕಿಕೊಂಡರು. "ಗಲತಿ ಹೋ ಗಯೀ," ಎಂದರು. ತಪ್ಪಾಯಿತು. ಅಷ್ಟೇ.

ಅದನ್ನೂ ದಾಖಲಿಸಬೇಕಾಗುತ್ತದೆ ಎಂದರು ಅಧಿಕಾರಿ. ಕಟುವಾಗೇನೂ ಹೇಳಲಿಲ್ಲ. ಹೇಳಿಕೆಯನ್ನು ಎಷ್ಟರ ಮಟ್ಟಿಗೆ ತೆಗೆದುಕೊಳ್ಳಬಹುದು ಎಂಬುದನ್ನು ತಮ್ಮ ಮೇಲಿನವರು ನೋಡುತ್ತಾರೆ, ಬೇಕಾದರೆ ಮತ್ತೆ ಮಾತಾಡಿಸುತ್ತೇವೆ ಎಂದು ಕರೆ ಮುಗಿಸಿದರು.

ಪರದೆ ಕಪ್ಪಾಯಿತು. ವಾದಿರಾಜಣ್ಣ ಅದನ್ನೇ ನೋಡುತ್ತ ಕೂತರು.

"ನೀ ಒಳಗ ಇದ್ದಿದ್ರ ನಾ ಯಾರೂ ಮಾತಾಡಿಲ್ಲಾ ಅಂತಿದ್ದೆ."

"ಅದಕ್ಕೇ ಬಂದೆ ಅಣ್ಣ."

"ನನ್ನ ಉಳಸ್ಲಿಕ್ಕೆ ಬಂದೇನು?" ಅವರು ನನ್ನ ಕಡೆ ತಿರುಗಲಿಲ್ಲ. "ನನ್ನ ಕಡೆ ಏನಿತ್ತು ಹೇಳು. ರೊಕ್ಕ ಇಲ್ಲ, ವಕೀಲರಿಲ್ಲ. ಈ ವಾದಿರಾಜ ಹೇಳ್ಯಾನಂದ್ರ ಖರೇ ಅಂತ ಎರಡೂ ಆಸ್ಪತ್ರಿಯವ್ರು ನಂಬತಿದ್ರು. ಅದೊಂದs ಇತ್ತು. ಯಲ್ಲಪ್ಪನ ಸಲುವಾಗಿ ಅದನ್ನ ಇವತ್ತ ದಿಲ್ಲಿಯವ್ರ ಮುಂದ ಇಡಬೇಕಾಗಿತ್ತು. ಈಗ ಅವ್ರು ಏನಂತಾರ? ಯಾರದೋ ಹೆಂಗಸನ್ನ ಹೆಂಡತಿ ಅಂದ ಮುದಕ."

"ನಾನು ಬರೆದು ಕೊಡ್ತೀನಿ. ಎಲ್ಲ ತಪ್ಪು ನಂದೇ ಅಂತ..."

"ಬ್ಯಾಡ. ನೀ ಏನೂ ಬರೀಬ್ಯಾಡ. ನೀ ಭಾಳ ಛಂದ ಬರೀತಿ."

ಚೀಲದಲ್ಲಿ ಫೋನು ಅದುರುತ್ತಿತ್ತು. ಸಂಕೇತ್. ಅವರಿಬ್ಬರೂ ನೋಡುತ್ತಿರುವಾಗಲೇ ಎತ್ತಿಕೊಂಡೆ. ಹೇಗಾಯಿತು ಎಂದು ಕೇಳಿದರು. ಆಯೋಗಕ್ಕೆ ನಿಮ್ಮ ಹೆಸರನ್ನೂ ನನ್ನ ಹೆಸರನ್ನೂ ಹೇಳಿದ್ದೇನೆ ಎಂದೆ. ಅತ್ತ ಕಡೆಯಿಂದ ಕರೆ ಕಡಿದುಹೋಯಿತು. ನಾಳೆ ನನಗೆ ಕೆಲಸ ಇರುವುದಿಲ್ಲ ಎಂಬುದು ಸ್ಪಷ್ಟವಿತ್ತು. ವಿಚಿತ್ರವೆಂದರೆ, ಅದರಿಂದಲೂ ವಾದಿರಾಜಣ್ಣನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾದೀತೆಂದು ನಾನು ಕಾದಿದ್ದೆ ಎಂಬುದು ಆಗ ತಿಳಿದು ನಾಚಿಕೆಯಾಯಿತು.

"ಬರ್ತೀನಿ," ಎಂದೆ. ವತ್ಸಲಾ ಬಾಗಿಲವರೆಗೆ ಬಂದರು. ಕೂಡು ಎನ್ನಲಿಲ್ಲ, ಕುಂಕುಮ ಹಚ್ಚಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸ್ಕೂಟರಿನ ಸೀಟು ಮುಟ್ಟಲಾಗದಷ್ಟು ಕಾದಿತ್ತು. ದುಪಟ್ಟಾದಂತೆ ತಲೆಗೆ ಸೆರಗು ಸುತ್ತಿಕೊಂಡು ಗೋಡೆಯ ಗೇಣು ನೆರಳಿನಲ್ಲಿ ನಿಂತೆ. ತೆರೆದ ಕಿಟಕಿಯೊಳಗಿಂದ ವಾದಿರಾಜಣ್ಣನ ದನಿ ಬಂತು. ದಿಲ್ಲಿಗೆ ತಾವೇ ಫೋನು ಹಚ್ಚಿದ್ದರು. ಅದೇ ಫ್ಯಾಕ್ಟರಿ ಹಿಂದಿ, ಈಗ ಯಾರೂ ತಿದ್ದಿರದ್ದು.

"ಮೇಡಂ, ನಾನು ವಾದಿರಾಜ. ಹಾಂ, ಈಗ ಮಾತಾಡಿದ್ನಲ್ಲ, ಅವನೇ. ಮೇಡಂ, ನಾನು ನಿಮಗೆ ಒಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆ ಅಂತ ಮೊದಲು ಹೇಳ್ತೇನೆ, ಆಮೇಲೆ ಎಲ್ಲ ಶುರುದಿಂದ ಕೇಳಿ. ಬೇಕಾದಷ್ಟು ಹೊತ್ತು ಕೇಳಿ. ಇಲ್ಲ, ಈಗ ಯಾರೂ ಇಲ್ಲ. ನಿಲ್ಲಿ, ಇದ್ದಾಳೆ." ದನಿ ಕನ್ನಡಕ್ಕೆ ಹೊರಳಿತು. "ವತ್ಸಲಾ, ಕೈ ತೊಳಕೊಂಡು ಜಲ್ದಿ ಬಾ ಇಲ್ಲೆ. ನಿನ್ನ ಹೆಸರು ನೀನs ಹೇಳು."

ಕುರ್ಚಿ ಎಳೆದ ಸಪ್ಪಳ ಕೇಳಿತು. ಅವರ ಮುಂದಿನ ಮಾತು ನಾನು ಕೇಳಬಾರದ್ದು ಎನಿಸಿತು. ಕಾದ ಸೀಟಿನ ಮೇಲೆ ಹಾಗೆಯೇ ಕೂತು ಗಾಡಿ ಶುರು ಮಾಡಿದೆ.